ಬಿಲ್ಲಿನ್ಯಾಗಿನ ರಾತ್ರಿ ಊಟ

ನಗೂದಿದ್ರ ಈಗ ನಕ್ಕೊಂಬಿಡ್ರಿ. ನಡುವ ಯಾರರ ಕಿಸಕ್ ಅಂದ್ರ ನಾ ಎದ್ದ ಹೋಗಾಂವ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಬಾಜೂ ಮನೀ ಮಗಳು ಮೃಣಾಲ, ಆಕೀ ಗಂಡ ಮಹಾವೀರಗ ಆದದ್ದು. ಹ್ವಾದ ವರ್ಷ.

ಮಹಾವೀರ ನೇಸರಿಯಾಂವ. ಅವತ್ತ ರಾತ್ರಿ ಕೊಲ್ಹಾಪುರದಿಂದ ಬಂದು, ಗಡಹಿಂಗ್ಲಜದಾಗ ಕಡೀ ಎಸ್ಟಿ ಬಸ್ ಹಿಡದು, ಊರ ಹೊರಗ ಹಾದಿ ಒಡಿಯೂ ಫಾಟಾಕ್ಕ ಇಳದಾನ. ಅಲ್ಲಿಂದ ಮನೀಗೆ ಕಬ್ಬಿನ ನಡುವ ಹಾದಿ. ಹಾದ್ಯಾಗ ಒಂದ ಆಲದ ಮರ, ಅದರ ಬುಡಕ ಹಳೇ ಬಾವಿ. ದಿನಾ ಅಡ್ಡಾಡೂ ಹಾದಿ, ಅಂಜಿಕಿ ಏನಿಲ್ಲ. ಆದ್ರ ಅವತ್ತ ಅವನ ಜೀವಕ್ಕ ಸಮಾಧಾನ ಇರಲಿಲ್ಲ. ನಡದಾನ... ನಿಂತಾನ... ಕಿಸೆದಾಗಿನ ದವಾಖಾನಿ ಬಿಲ್ ಮುಟ್ಟಿ ನೋಡ್ಯಾನ... ಮತ್ತ ನಡದಾನ.

ಯಾಕಂದ್ರ, ಹಡದ ತಾಯೀ ಮಾತು ಸುಳ್ಳ ಮಾಡಿ ಬಂದಿದ್ದ.

ಅವನ ಅವ್ವ ಹೀರಾಬಾಯಿ, ಜೈನರ ಮನೀ ಹಿರೀ ಜೀವ. ಹೊತ್ತು ಮುಳುಗಿದ ಮ್ಯಾಲ ಒಂದ ಅಗಳ ಬಾಯಾಗ ಹಾಕಿದಾಕಿ ಅಲ್ಲ. ಮಗನ ಲಗ್ನದಾಗೂ ಅಷ್ಟ, ಜ್ವರ ಬಂದಾಗೂ ಅಷ್ಟ. ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಕೊಂಡಿದ್ಲು. ಕೊಲ್ಹಾಪುರದ ಒಂದ ದವಾಖಾನಿಯೊಳಗ ಆಪರೇಶನ್ ಆಗಿತ್ತು. ಮರುದಿನ ಮನೀಗೆ ಬಿಡೂದು, ಬಿಲ್ ಕಟ್ಟಬರ್ರಿ ಅಂತ ಅವತ್ತ ಸಂಜೀಕ ಕರದ್ರು.

ಕೌಂಟರಿನಾಗ ಪ್ರಿಯದರ್ಶನಿ ಅಂತ ಹುಡುಗಿ, ಭಾಳ ಒಳ್ಳೇಕಿ. ಒಂದೊಂದ ಸಾಲಿನ ಮ್ಯಾಲ ಬೆರಳಿಟ್ಟು ತಿಳಿಸಿ ಹೇಳಿದ್ಲು. ಇದು ಆಪರೇಶನ್ದು, ಇದು ಔಷಧದ್ದು. ಇದು ವಿಮಾದವರು ಕೊಡೂದು, ಇದು ನೀವು ಕೊಡೂದು. ಇದು ನೀವು ಮೊದಲ ಕಟ್ಟಿದ ಡಿಪಾಸಿಟ್, ಕಳದೇವ್ರಿ. ಮತ್ತ ಇದು... ರಾತ್ರಿ ಊಟದ್ದು.

"ರಾತ್ರಿ ಊಟ? ನಮ್ಮವ್ವ ರಾತ್ರಿ ಉಣ್ಣಂಗಿಲ್ರಿ."

ಆಕಿ ವಾರ್ಡಿನಾಗ ತಾಟ ಎತ್ತೂ ಮಾವಶೀನ್ನ ಕರದ ಕೇಳಿದ್ಲು.

"ಉಣ್ಣಂಗಿಲ್ಲಂದ್ರ?" ಅಂದ್ಲು ಮಾವಶಿ. "ರೋಜ್ ತಾಟ ಖಾಲಿ ಬರತೈತ್ರಿ. ಬಳದ ತಿಂದಿರತಾರ."

"ನಾ ಒಳಗ ಹೋಗಿ ಅಜ್ಜೀನ್ನ ಒಂದ ಮಾತು ಕೇಳಿ ಬರತೇನ್ರಿ," ಅಂದ್ಲು ಪ್ರಿಯದರ್ಶನಿ. "ಉಂಡಿಲ್ಲಂದ್ರ ತಗದ ಹಾಕೂಣು."

ಅಲ್ಲೇ ತಪ್ಪಿದ ನೋಡ್ರಿ ಮಹಾವೀರ! ಭೆಟ್ಟಿ ವ್ಯಾಳ್ಯಾ, ಅವ್ವನ ಕಾಟಿನ ಸುತ್ತ ಬೀಗರು, ಊರಿನ ಮಂದಿ. ಅವರೆದರಿಗೆ ಈ ಮಾತು ಕೇಳಿದ್ರ, ಹೀರಾಬಾಯಿ ರಾತ್ರಿ ಉಂಡಾಳಂತ ಬಸದಿ ತನಕ ಸುದ್ದಿ ಹೋಗೂದಿಲ್ಲೇನು? "ಇರಲಿ ಬಿಡ್ರಿ ಅಕ್ಕಾರ," ಅಂದಾ. ಸುಮ್ಮನ ಕಟ್ಟಿಬಿಟ್ಟ.

ಮಂದಿ ಹ್ವಾದ ಮ್ಯಾಲ ಅವ್ವನ ಕಿವ್ಯಾಗ ಅಂದಾ, "ಹಸಿವಿಗೆ ತಿಂದಿ, ಏನಾತು? ನಾ ಯಾರ ಮುಂದೂ ಹೇಳಂಗಿಲ್ಲ."

ಮುದುಕಿ ಮಾರಿ ಸಣ್ಣ ಆತು. "ನಾ ತಿಂದಿಲ್ಲೋ ಮಹಾವೀರಾ. ಬ್ಯಾಡಂದ್ರೂ ತಾಟ ಇಟ್ಟ ಹೋಗತಿದ್ರು. ಬಾಜೂ ಕಾಟಿನಾಕಿ ಹಸದು ಅಳತಿದ್ಲು... ಪಾಪ ಅಂತ, ಸ್ಟೂಲಿನ ಮ್ಯಾಲ ಆಕೀ ಕಡೆ ಸರಸತಿದ್ನಿ."

ಮಹಾವೀರ ಬಾಜೂಕ ನೋಡಿದ. ಬರೇ ಕಬ್ಬಿಣದ ಕಾಟು. ಗಾದಿ ಸುತ್ತಿ ಇಟ್ಟಿದ್ರು. ಅವ್ವ ಬಂದ ದಿನದಿಂದ ಅದು ಹಂಗ ಇತ್ತು.

"ಗುಳಿಗೀ ನಶಾ ಅವ್ವಾ ಇದು," ಅಂದಾ.

ಹೀರಾಬಾಯಿ ಗ್ವಾಡೀ ಕಡೆ ಮಾರಿ ಹೊಳ್ಳಿಸಿದ್ಲು. ಹೆಂಡತೀನ್ನ ದವಾಖಾನ್ಯಾಗ ಬಿಟ್ಟು, ಮುಂಜಾನೆ ಎಮ್ಮಿ ಹಿಂಡಬೇಕಂತ ಇಂವ ಊರಿಗೆ ಹೊಂಟ ಬಂದಿದ್ದ.

ಈಗ ಬಾವೀ ಹತ್ರ ಬಂದಾನ. ಗಾಳಿ ಇಲ್ಲ, ಆದ್ರ ಕಬ್ಬಿನ ಒಣ ಎಲಿ, ರವದಿ, ಸರ್... ಸರ್... ಆಮ್ಯಾಲ, ಟಿಣ್. ಸ್ಟೀಲ್ ತಾಟಿಗೆ ಚಮಚ ಬಡದಂಗ. ಟಿಣ್... ಟಿಣ್... ಆಮ್ಯಾಲ ತಾಟ ಬಳಿಯೂ ಸಪ್ಪಳ. ಕರ್ರ್...

ಬಾವೀ ಕಟ್ಟಿ ಮ್ಯಾಲ ಯಾರೋ ಕುಂತಾರ. ಮೈಮ್ಯಾಲ ದವಾಖಾನಿ ಹಸರ ಗೌನ್.

"ಯಾ... ಯಾರವ್ವಾ ನೀ?"

"ಬಾಜೂ ಕಾಟಿನಾಕಿ."

ಪಿಸುಮಾತು. ಆದ್ರ ಕಿವೀ ಒಳಗ ಬಂದು ಅಂದಂಗ.

"ನಿಮ್ಮವ್ವ ತಿಂದಿಲ್ಲಪಾ. ನಾ ತಿಂದೇನಿ... ರೊಕ್ಕ ನೀ ಕೊಟ್ಟಿ. ಇನ್ನ ನಾ ನಿಮ್ಮನ್ಯಾಗ ಉಣ್ಣಾಕಿ."

ಅಯ್ಯಯ್ಯೋ, ಓಡಿದಾ ನೋಡ್ರಿ! ಒಂದ ಚಪ್ಪಲ ಅಲ್ಲೇ ಬಿತ್ತು. ಹಿಂದ ಬರಿಗಾಲಿನ ಸಪ್ಪಳ, ಫಟ್... ಫಟ್... ಫಟ್. ಇಂವ ಓಡಿದ್ರ ಅದೂ ಓಡತೈತಿ, ಇಂವ ನಿಂತ್ರ ಅದೂ ನಿಲ್ಲತೈತಿ. ಮನೀ ಹೊಕ್ಕು ಚಿಲಕಾ ಜಡದಾ, ಖಟ್!

ಸಪ್ಪಳ ಹೊಸ್ತಲಕ್ಕ ಬಂದು ನಿಂತಿತು.

"ಊಟಕ್ಕ ಕರಿಯಂಗಿಲ್ಲೇನು?"

ಣಮೋಕಾರ ಮಂತ್ರ ಅನ್ನಾಕ ಹೋದ್ರ ಮೊದಲನೇ ಸಾಲನ ನೆನಪಾಗವಲ್ದು. ಸಣ್ಣಾಂವ ಇದ್ದಾಗಿಂದ ಅವ್ವ ಅಂದದ್ದು ಒಂದ ಮಾತು ಬಾಯಿಗೆ ಬಂತು.

"ನಮ್ಮನ್ಯಾಗ... ಹೊತ್ತು ಮುಳುಗಿದ ಮ್ಯಾಲ ತಾಟ ಹಾಕಂಗಿಲ್ಲವ್ವಾ."

ಬಾಗಲಕ್ಕ ಕಿವಿ ಹಚ್ಚಿ ನೋಡಿದ. ಹೋತು ಅಂದ್ಕೊಂಡ... ಆವಾಗ ಬಾಗಲ ಸಂದಿಗೆ ಬಾಯಿ ಹಚ್ಚಿ ಅಂದಂಗ ಬಂತು ದನಿ.

"ಗೊತ್ತು. ನಿಮ್ಮವ್ವನೂ ಹಂಗ ಅಂತಿದ್ಲು. ನಾಳೆ ಹೊತ್ತು ಮುಳುಗೂದ್ರೊಳಗ ಬರತೇನಿ."

ರಾತ್ರಿಯೆಲ್ಲಾ ಬಾಗಲಕ್ಕ ಬೆನ್ನು ಕೊಟ್ಟು ಕುಂತಾನ. ಕಣ್ಣ ಮುಚ್ಚಿಲ್ಲ. ಅಂಜಿಕಿ ಒಂದ ಕಡೆ, ಗ್ವಾಡೀ ಕಡೆ ಹೊಳ್ಳಿದ ಅವ್ವನ ಮಾರಿ ಒಂದ ಕಡೆ.

ಮರುದಿನ ಮಧ್ಯಾಹ್ನ ಮೃಣಾಲ ಅತ್ತೀನ್ನ ಗಾಡ್ಯಾಗ ಕರಕೊಂಡ ಬಂದ್ಲು. ಅಂಗಳದಾಗ, ನೆರೆದ ಮಂದೀ ಎದರಿಗೇ, ಮಹಾವೀರ ಅವ್ವನ ಕಾಲ ಹಿಡಕೊಂಡು ಹೋ ಅಂತ ಅತ್ತ. "ನೀ ತಿಂದಿಲ್ಲವ್ವಾ. ನಾನ ತಿಳೀಲಾರದ ಅಂದ್ನಿ."

ಮುದುಕಿ ಅವನ ತಲೀ ಮ್ಯಾಲ ಕೈ ಇಟ್ಲು. ನಿನಗ ಯಾರ ಹೇಳಿದ್ರು ಅಂತ ಕೇಳಲಿಲ್ಲ.

"ಆಕಿ ಬಂದಾಳೇನು?" ಅಂತ ಕೇಳಿದ್ಲು.

ಸಂಜೀಕ, ಇನ್ನೂ ಬಿಸಲು ಇರೂವಾಗ, ಊಟಕ್ಕ ತನ್ನ ಬಾಜೂ ಇನ್ನೊಂದ ತಾಟ ಹಾಕಿಸಿದ್ಲು.

"ಇದು ಯಾರಿಗ್ರಿ ಅತ್ತಿ?" ಅಂದ್ಲು ಮೃಣಾಲ.

"ಬಿಲ್ ನಿನ್ನ ಗಂಡ ಕಟ್ಯಾನ. ಹಸದಾಕೀಗೆ ಈಗ ಬ್ಯಾಡ ಅನ್ನೂದ ಹ್ಯಾಂಗವ್ವಾ?"

ಇವತ್ತಿಗೂ ಹಾಕತಾರ. ತಾಟ ಇಟ್ಟು ಎಲ್ಲಾರೂ ಹಿತ್ತಲಕ್ಕ ಹೋಗತಾರ, ಹೊತ್ತು ಮುಳುಗಿದ ಮ್ಯಾಲ ಎತ್ತತಾರ. ನಾನೂ ಒಂದ ಸಲ ಹೋಗಿದ್ನಿ, ಕಣ್ಣಾರೆ ನೋಡೇನಿ. ರೊಟ್ಟಿ ಇಲ್ಲ, ಪಲ್ಯಾ ಇಲ್ಲ, ಬ್ಯಾಳಿ ಬಳದಂಗ ಹೋಗೈತಿ. ಉಪ್ಪು ಅಷ್ಟ, ಹಾಕಿದ್ದು ಹಾಕಿದಂಗ ತಾಟಿನ ಅಂಚಿಗೆ ಇತ್ತು. ದೆವ್ವ ಉಪ್ಪು ಮುಟ್ಟಂಗಿಲ್ಲಂತಾರ, ಯಾಕಂತ ನನ್ನ ಕೇಳಬ್ಯಾಡ್ರಿ. ಸುಳ್ಳ ಅನಿಸಿದ್ರ ನೇಸರಿ ಏನ ದೂರಿಲ್ಲ... ಹೊತ್ತು ಮುಳುಗೂದ್ರೊಳಗ ಹೋಗಿ ನೋಡಿ ಬರ್ರಿ.