ಬೀಗದ ಮುಂದೆ ನಿಂತ ಅಕ್ಕ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕರೆಂಟು ಹೋಗಿ, ಪಕ್ಕದ ಮನೆಯವರೂ ನಮ್ಮಲ್ಲಿಗೇ ಬಂದು, ಎಲ್ಲರೂ ಒಂದು ಮೇಣದ ಬತ್ತಿಯ ಸುತ್ತ ಕೂತಿದ್ದೆವು. ಹೊಸದಾಗಿ ಮನೆಗೆ ಬಂದ ಅತ್ತಿಗೆ ಇನ್ನೊಂದು ಬತ್ತಿ ಹಚ್ಚಿಕೊಂಡು ಗೋಡೆಯ ಮೇಲಿನ ಹಳೆಯ ಕಪ್ಪುಬಿಳುಪು ಫೋಟೊ ನೋಡುತ್ತಿದ್ದರು. ಒಂದು ಬೀದಿಯ ಫೋಟೊ ಅದು.

"ಅಜ್ಜಿ, ಈ ಬಾಗಿಲ ಹತ್ರ ನಿಂತಿರೋ ಹೆಂಗಸು ಯಾರು?"

ನಾವೆಲ್ಲ ಆ ಫೋಟೊ ನೋಡುತ್ತಲೇ ಬೆಳೆದವರು. ಅದರಲ್ಲಿ ಯಾವ ಹೆಂಗಸೂ ಇರಲಿಲ್ಲ. ಆದರೆ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಹರೆಯದಲ್ಲಿ ಫೋಟೊ ತೊಳೆಯುವ ಕೆಲಸ ಮಾಡಿದ್ದರಿಂದ ಬೀದಿಗೆಲ್ಲ ಅವರು ಸ್ಟುಡಿಯೋ ಅಜ್ಜಿ.

"ನಿನಗೆ ಕಾಣ್ತಾಳಾ? ಹಾಗಾದ್ರೆ ಕೂತ್ಕೊ, ಹೇಳ್ತೀನಿ.

"ಅವಳು ನನ್ನಕ್ಕ. ನಮ್ಮ ಸ್ಟುಡಿಯೋ ಎದುರಿಗೇ ಒಂದು ಹೊಲಿಗೆ ಕಾರ್ಖಾನೆ ಇತ್ತು, ಅಲ್ಲಿ ಶರ್ಟಿಗೆ ಕಾಲರ್ ಕೂರಿಸೋ ಕೆಲಸ ಅವಳದು. ಹೆಂಗಸರು ಕೆಲಸ ಬಿಟ್ಟು ಹೊರಗೆ ಕಾಲಿಡಬಾರದು ಅಂತ ಮಾಲೀಕ ಹೊರಗಿನಿಂದ ಬೀಗ ಜಡಿಯೋನು. ಇದ್ದಿದ್ದೊಂದೇ ಬಾಗಿಲು, ಕಿಟಕಿಗೆಲ್ಲ ಕಂಬಿ. ಒಂದಿನ ಮಧ್ಯಾಹ್ನ ಒಳಗೆ ಬೆಂಕಿ ಬಿತ್ತು ನೋಡಿ... ಬಟ್ಟೆ, ದಾರ, ಹತ್ತಿ, ಬೆಂಕಿಗೆ ಇನ್ನೇನು ಬೇಕು? ನಾವು ಎದ್ದೂಬಿದ್ದೂ ಓಡೋಷ್ಟರಲ್ಲಿ ಬೀಗ ಮಾಯ, ಬಾಗಿಲು ತೆರೆದಿತ್ತು, ಮಾಲೀಕ ಪಕ್ಕದಲ್ಲಿ ನಿಂತು ಬಾಯಿ ಬಡ್ಕೊಳ್ತಿದ್ದ... ಒಳಗಿನವರು ಒಬ್ಬರೂ ಉಳೀಲಿಲ್ಲ.

"ಆಮೇಲೆ ಅವನೇನಂದ ಗೊತ್ತಾ? ಬೆಳಗ್ಗೆಯಿಂದ ಬಾಗಿಲು ತೆರೆದೇ ಇತ್ತು, ಬುದ್ಧಿಗೆಟ್ಟ ಹೆಂಗಸರು ಹೆದರಿ ಮೂಲೆ ಸೇರ್ಕೊಂಡ್ರು ಅಂದ. ನನ್ನಕ್ಕ ಮೂಲೆ ಸೇರೋಳಾ? ಮನೆಗೆ ಹಾವು ಬಂದ್ರೆ ಪೊರಕೆ ಹಿಡ್ಕೊಂಡು ಎದುರು ನಿಲ್ತಿದ್ದೋಳು ಅವಳು. ಆದ್ರೆ ಅವತ್ತು ಬೀಗ ಇದ್ದಿದ್ದನ್ನ ಕಣ್ಣಾರೆ ಕಂಡೋರು ಯಾರು?

"ಕೇಸು ನಡೀತಿದ್ದಾಗ ನಮ್ಮ ಫೋಟೊಗ್ರಾಫರಿಗೆ ನೆನಪಾಯ್ತು... ಅದೇ ಮಧ್ಯಾಹ್ನ ಹೊಸ ಲೆನ್ಸ್ ಪರೀಕ್ಷೆ ಮಾಡೋಕೆ ಅಂತ ಮಹಡಿಯಿಂದ ಬೀದಿದೊಂದು ಫೋಟೊ ತೆಗೆದಿದ್ದ. ತೊಳೆದು ನೋಡಿದ್ವಿ. ಸೈಕಲ್ಲು, ತಳ್ಳುಗಾಡಿ, ಛತ್ರಿ ಹಿಡಿದ ಮುದುಕ, ಅವರ ಹಿಂದೆ ಕಾರ್ಖಾನೆ. ಬಾಗಿಲ ಮೇಲಿನ ಗವಾಕ್ಷಿಯಿಂದ ಆಗಲೇ ಹೊಗೆ ದಾರದ ಹಾಗೆ ಏಳ್ತಿದೆ. ಬೆಂಕಿ ಹತ್ತಿದ ಗಳಿಗೆಯದೇ ಫೋಟೊ. ಆದ್ರೆ ಬೀಗದ ಜಾಗ ಕಾಣೋದಿಲ್ಲ... ಒಬ್ಬ ಹೆಂಗಸು ನಮಗೆ ಬೆನ್ನು ಹಾಕಿ ಅಲ್ಲೇ ಬಗ್ಗಿ ನಿಂತಿದ್ದಾಳೆ. ಭೂತಕನ್ನಡಿ ಹಿಡಿದೆ. ಆ ಹೆಸರಿಟ್ಟೋನಿಗೆ ಏನು ಗೊತ್ತಿತ್ತೋ ಪುಣ್ಯಾತ್ಮನಿಗೆ... ಬೆಳಗ್ಗೆ ನಾನೇ ಹೆಣೆದು ಬಟ್ಟೆ ಚೂರು ಕಟ್ಟಿದ್ದ ಜಡೆ. ಅಕ್ಕನೇ. ಒಳಗೆ ಉಸಿರು ಕಟ್ಟಿ ಸಾಯ್ತಿದ್ದೋಳು ಹೊರಗೆ ಹೇಗೆ ಬಂದ್ಲು ಹೇಳಿ? ಎರಡೂ ಕೈಯಲ್ಲಿ ಬೀಗ ಜಗ್ತಿದ್ಲು.

"ಫೋಟೊಗ್ರಾಫರ್ ಗೋಡೆಗೊರಗಿ ಬೆವರು ಒರೆಸ್ಕೊಂಡ. ನನಗೆ ಭಯ ಆಗಲಿಲ್ಲ, ಅಳು ಬಂತು. ಇನ್ನೊಂದು ಫೋಟೊ ಕಾಗದ ದ್ರಾವಣದ ತಟ್ಟೆಗಿಳಿಸಿ, ಆ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ಬಗ್ಗಿ ಮೆಲ್ಲಗೆ ಅಂದೆ, 'ಅಕ್ಕಾ, ಸ್ವಲ್ಪ ಪಕ್ಕಕ್ಕೆ ಸರಿಯೇ... ಬೀಗ ಕೋರ್ಟಿನವರಿಗೂ ಕಾಣಲಿ.' ದ್ರಾವಣದಲ್ಲಿ ಬೀದಿ ಮೂಡ್ತು, ಸೈಕಲ್ಲು ಮೂಡ್ತು, ಬಾಗಿಲು ಮೂಡ್ತು... ಅಕ್ಕ ಪಕ್ಕಕ್ಕೆ ಸರಿದು ನಿಂತಿದ್ಲು. ಅಲ್ಲಿ ಬೀಗ, ಕಣ್ಣಿಗೆ ಹೊಡೆಯೋ ಹಾಗೆ.

"ಕೋರ್ಟಲ್ಲಿ ನ್ಯಾಯಾಧೀಶರಿಗೆ ಹೊಗೆ ಕಾಣ್ತು, ಬೀಗ ಕಾಣ್ತು, ಅಕ್ಕ ಮಾತ್ರ ಕಾಣಲಿಲ್ಲ. ಮಾಲೀಕನ ವಕೀಲ ಎದ್ದು, ಅದು ಹೊಗೆಯಲ್ಲ, ಕಾಗದದ ಕಲೆ ಅಂದ. ಹಾಗಾದ್ರೆ ನಿಮ್ಮ ಕಕ್ಷಿದಾರರೇ ನೋಡಿ ಹೇಳಲಿ ಅಂದ್ರು ನ್ಯಾಯಾಧೀಶರು. ಮಾಲೀಕ ಮೀಸೆ ತೀಡ್ಕೊಂಡು ಬಂದ, ಭೂತಕನ್ನಡಿ ಹಿಡಿದ, ಬಗ್ಗಿದ... ಬಗ್ಗಿದೋನು ಏಳಲೇ ಇಲ್ಲ. ಪಕ್ಕದಲ್ಲೇ ನಿಂತಿದ್ದ ನಾನು ನೋಡ್ದೆ, ಫೋಟೊದಲ್ಲಿ ಅಕ್ಕ ಅವನ ಕಡೆ ತಿರುಗಿ ಕೈ ಚಾಚಿದ್ಲು. ಅವನು ಜೇಬಿಂದ ಬೀಗದ ಕೈ ತೆಗೆದು ಫೋಟೊ ಮೇಲಿಟ್ಟ. 'ತಗೊಳ್ಳಮ್ಮ... ನಾನೇ ಹಾಕಿದ್ದು... ತೆಗಿ, ಬೇಗ ತೆಗಿ' ಅಂದ. ತುಂಬಿದ ಕೋರ್ಟಲ್ಲಿ, ಎಲ್ಲರ ಕಿವಿಗೆ ಬೀಳೋ ಹಾಗೆ.

"ಅವನನ್ನ ಜೈಲಿಗೆ ಹಾಕಿದ ದಿನ ಬೀದಿಯ ಹೆಂಗಸರೆಲ್ಲ ಹೋಗಿ ಆ ಸುಟ್ಟ ಬಾಗಿಲನ್ನ ಕಿತ್ತು ಬೀದಿ ನಡುವೆ ಕೆಡವಿ, ಅದರ ಮೇಲೇ ನಡೆದ್ವಿ. ನಾನು ಫೋಟೊ ಎತ್ತಿ ಹಿಡ್ಕೊಂಡು ಎಲ್ಲರಿಗಿಂತ ಮುಂದೆ. ಅತ್ತಿದ್ದೆಷ್ಟೋ ನಕ್ಕಿದ್ದೆಷ್ಟೋ... ಆ ಗದ್ದಲದಲ್ಲಿ ಒಂದು ನಗು ಬೇರೆಯಾಗಿ ಕೇಳಿಸ್ತು. ನಾನೊಬ್ಬಳೇ ಅಲ್ಲ, ಎಲ್ಲರೂ ತಿರುಗಿ ನೋಡಿದ್ರು. ಅಕ್ಕನ ನಗು ಯಾರಿಗೆ ಗೊತ್ತಾಗಲ್ಲ? ಗೆದ್ದೋಳ ನಗು ಅದು."

ಅಜ್ಜಿ ಕನ್ನಡಕ ಮತ್ತೆ ಹಾಕಿಕೊಂಡರು. ಕತೆ ಮುಗಿಯಿತೆಂದು ನಾವು ಕಾಲು ಚಾಚಿದೆವು.

"ಅಲ್ಲಿಗೆ ಹೋಗಿಬಿಟ್ಲು ಅಂದ್ಕೊಂಡ್ರಾ? ಆ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದೆಯಲ್ಲ, ಅಲ್ಲಿ ಕೇಳಿ. ಖಾಲಿ ಅಂಗಡಿಗೆ ಬೀಗ ಹಾಕಿದ್ರೆ ಹಾಕಿದ ಹಾಗೇ ಇರುತ್ತೆ. ಒಳಗೆ ಒಂದು ನರಪಿಳ್ಳೆ ಇದ್ದು ಹೊರಗಿಂದ ಬೀಗ ಬಿತ್ತೋ... ಹೋದ ವಾರ ಹೊಸ ಮ್ಯಾನೇಜರು, ಕೆಲಸದ ಹುಡುಗಿಯರು ಎದ್ದು ಹೋಗದಿರಲಿ ಅಂತ ಬಾಗಿಲಿಗೆ ಬೀಗ ಜಡಿದು ಊಟಕ್ಕೆ ಹೋದ. ಬಂದು ನೋಡಿದ್ರೆ ಬಾಗಿಲು ತೆರೆದಿದೆ, ಬೀಗ ಮೆಟ್ಟಿಲ ಮೇಲೆ ಬಿದ್ದಿದೆ. ಎತ್ತಿಕೊಳ್ಳೋಕೆ ಹೋದ, ಪಾಪ..." ಅಜ್ಜಿ ಬತ್ತಿಯನ್ನು ತಮ್ಮ ಕಡೆ ಎಳೆದುಕೊಂಡರು. "ಬಲ ಅಂಗೈಯೆಲ್ಲ ಸುಟ್ಟ ಬೊಬ್ಬೆ. ನಾಳೆ ಹೋಗಿ ನೋಡಿ ಬೇಕಾದ್ರೆ, ಇನ್ನೂ ಎಡಗೈಲೇ ಬಿಲ್ ಬರೀತಿದ್ದಾನೆ."