ಬಂಪರಿಗೆ ಸಿಕ್ಕ ಎಡಗಾಲಿನ ಚಪ್ಪಲಿ

ಆವತ್ತು ಬೆಳಿಗ್ಗೆ ಮಳೆ ಬರಲೋ ಬೇಡವೋ ಎಂದು ಯೋಚಿಸುತ್ತಾ ಕುಳಿತಿತ್ತು. ಹೋದ ವರ್ಷದ ಶ್ರಾವಣ, ಮೊದಲ ಸೋಮವಾರ. ರಾತ್ರಿ ಎರಡು ಹನಿ ಉದುರಿಸಿ ಎರೆಮಣ್ಣನ್ನು ಅಂಟಂಟು ಮಾಡಿಟ್ಟು, ಬೆಳಗಾಗುತ್ತಲೇ ಸುಮ್ಮನಾಗಿಬಿಟ್ಟಿತ್ತು. ತಣ್ಣನೆ ಗಾಳಿ. ಶಿವಧ್ಯಾನಕ್ಕೆ ಒಳ್ಳೆಯದು, ನಿದ್ದೆಗೆ ಇನ್ನೂ ಒಳ್ಳೆಯದು.

ನಮ್ಮ ಸೀಮೆಯಲ್ಲೇ ಒಬ್ಬ ಸಾಹುಕಾರ. ಒಣಮೆಣಸಿನಕಾಯಿ ವ್ಯಾಪಾರ. ಹೆಸರು ಬೇಡ, ಹೇಳಿದರೆ ಮುಂದಿನ ಸಾಲಿನಲ್ಲಿ ಕುಳಿತ ಒಬ್ಬರು ಎದ್ದು ಹಿಂದಿನ ಸಾಲಿಗೆ ಹೋಗುತ್ತಾರೆ. ಒಮ್ಮೆ ಫೋನು ಕೈಯಲ್ಲಿ ಹಿಡಿದು ಕಾರು ಓಡಿಸುವಾಗ ಪೊಲೀಸರ ಕೈಗೆ ಸಿಕ್ಕಿ ದಂಡ ಕಟ್ಟಿದ್ದ. ದಂಡ ಕಟ್ಟಿದ ಮೇಲೆ ಮನುಷ್ಯ ಏನು ಮಾಡಬೇಕು? ಫೋನು ಬಿಡಬೇಕು. ಇವನು ಕೈ ಮಾತ್ರ ಬಿಡಿಸಿಕೊಂಡ! ಕಾರಿನೊಳಗೇ ಮಾತಾಡುವ ಯಂತ್ರ ಕೂರಿಸಿದ. 'ಅಜ್ಜಾರ, ಹ್ಯಾಂಡ್ಸ್ ಫ್ರೀ. ಇನ್ನ ನಾ ಕಾಯ್ದೆ ಮೀರಿಲ್ರೀ' ಎಂದು ನನಗೂ ತೋರಿಸಿದ್ದ. ನಾನೂ ಯಂತ್ರಕ್ಕೆ ವಿಭೂತಿ ಹಚ್ಚಿ ಆಶೀರ್ವಾದ ಮಾಡಿದ್ದೆ. ನಾವು ಸ್ವಾಮಿಗಳು, ಏನು ತಂದರೂ ಹಚ್ಚಿಬಿಡುತ್ತೇವೆ.

ಆ ಸೋಮವಾರ ಅವನು ಊರಿಂದ ಮಠಕ್ಕೆ ಹೊರಟ. ಹನ್ನೊಂದು ಕಿಲೋಮೀಟರ್ ದಾರಿ. ನಡುವೆ ಫೋನು ಬಂತು. ಅವತ್ತಿನ ದಾಸೋಹಕ್ಕೆ ಗೋಧಿ ಹುಗ್ಗಿಯೋ, ಶೇಂಗಾ ಹೋಳಿಗೆಯೋ? ಖರ್ಚು ಅವನದಲ್ಲವೇ, ಕೇಳಬೇಕಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ, ಎರಡೂ ಕಣ್ಣು ರಸ್ತೆಯ ಮೇಲೆ, ನಗುತ್ತಾ ಗೋಣು ಹಾಕುತ್ತಾ, 'ಹುಗ್ಗಿನ ಆಗಲ್ರೀ, ತುಪ್ಪ ಕೈಬಿಚ್ಚಿ ಹಾಕ್ರಿ' ಎಂದ. ಅಷ್ಟರಲ್ಲಿ ಕೆಳಗೆ ದಡಕ್ಕೆಂದಿತು. ರಸ್ತೆ ಮಾಡಿದವರಿಗೆ ಒಂದು ಬೈಗುಳ ಕೊಟ್ಟು ಮತ್ತೆ ತುಪ್ಪಕ್ಕೆ ಬಂದ.

ಮಠದ ಅಂಗಳದಲ್ಲಿ ಕಾರು ನಿಂತಿತು. ಜನ ಸುತ್ತ ನೆರೆದರು. ಯಾಕೆ? ಮುಂದಿನ ಬಂಪರಿನ ಜಾಳಿಗೆಯಲ್ಲಿ ಒಂದು ಚಪ್ಪಲಿ ಸಿಕ್ಕಿಕೊಂಡಿತ್ತು.

ನೋಡಿ, ನಮ್ಮ ಜನ ಎಂಥವರು! ಯಾರಿಗೂ ಗಾಬರಿಯಾಗಲಿಲ್ಲ. ಗಾಡಿಗೆ ದೃಷ್ಟಿ ತಾಗಬಾರದೆಂದು ಹಳೆ ಚಪ್ಪಲಿ ಕಟ್ಟುವವರು ನಾವು.

'ಸಾವ್ಕಾರ್ರ, ಎಲ್ಲಾರೂ ಹಿಂದ ಕಟ್ತಾರ, ನೀವು ಮುಂದ ಕಟ್ಟೀರಲ್ಲ?'

'ಎದುರಿಂದ ಬರೋ ಕಣ್ಣು ಜೋರು ಇರ್ತಾವಲೇ, ಅದಕ್ಕ ಮುಂದ' ಎಂದ ಗುಂಪಿನಲ್ಲಿದ್ದ ಇನ್ನೊಬ್ಬ.

ಸಾಹುಕಾರನೂ ಹೆಂಡತಿ ಕಟ್ಟಿಸಿರಬೇಕು ಎಂದುಕೊಂಡು ಗಂಭೀರವಾಗಿ ಗೋಣು ಹಾಕಿದ. ಗೋಣು ಹಾಕುವುದು ಅವನಿಗೆ ರೂಢಿ. ನಮ್ಮ ಮಠದ ಕಸ ಗುಡಿಸುವ ಮುದುಕ ಮಾತ್ರ ಬಗ್ಗಿ ನೋಡಿದ.

'ದೃಷ್ಟಿ ಚಪ್ಪಲಿ ಆದ್ರ ದಾರ ಎಲ್ಲೈತ್ರೀ? ಕೆಸರು ಇನ್ನಾ ಹಸಿ ಐತಿ. ಇದು ಹೆಣ್ಮಗಳ ಎಡಗಾಲಿಂದು. ಹರಿದ ಉಂಗುಟದ ಪಟ್ಟಿಗೆ ಪಿನ್ನು ಚುಚ್ಚ್ಯಾಳ.'

ಸಾಹುಕಾರನ ಮುಖ ಬಿಳಿಚಿತು. ದಾರಿಯಲ್ಲಿ ಏನೇನು ಕಂಡೆ ಎಂದು ನೆನೆಸಿಕೊಂಡ. ಮನೆಯ ಗೇಟು ನೆನಪಿತ್ತು. ಮಠದ ಕಮಾನು ನೆನಪಿತ್ತು. ನಡುವಿನ ಹನ್ನೊಂದು ಕಿಲೋಮೀಟರಿನಲ್ಲಿ ಹುಗ್ಗಿ ಬಿಟ್ಟರೆ ಬೇರೇನೂ ಇರಲಿಲ್ಲ. ಸೇತುವೆ ದಾಟಿದೆನೇ? ಗೊತ್ತಿಲ್ಲ. ಆ ಚಪ್ಪಲಿಯೊಳಗೆ ಕಾಲು ಇತ್ತೇ? ಗೊತ್ತಿಲ್ಲ. ಅಣ್ಣಗಳಿರಾ, ಕೊಂದಿದ್ದೇನೆ ಎಂದು ಗೊತ್ತಾದವನಿಗೆ ಒಂದೇ ನರಕ. ಕೊಂದಿದ್ದೇನೋ ಇಲ್ಲವೋ ಎಂಬುದೇ ಗೊತ್ತಿಲ್ಲದವನಿಗೆ?

ಕಾರು ತಿರುಗಿಸಿದ. ಚಪ್ಪಲಿ ಪಕ್ಕದ ಸೀಟಿನಲ್ಲಿ. ಫೋನು ಮೊಳಗಿತು, ಎತ್ತಲಿಲ್ಲ. ಎತ್ತಿನ ಗಾಡಿಗಿಂತ ನಿಧಾನವಾಗಿ, ದಾರಿಯಲ್ಲಿ ಸಿಕ್ಕವರ ಮುಖ ಬಿಟ್ಟು ಪಾದ ನೋಡುತ್ತಾ ಹೋದ. ಗುಡಿಯಲ್ಲೂ ಅವನು ಅಷ್ಟು ಭಕ್ತಿಯಿಂದ ಯಾರ ಪಾದವನ್ನೂ ನೋಡಿರಲಿಲ್ಲ.

ಸೇತುವೆ ದಾಟಿದ ಮೇಲೆ ಬೇವಿನ ಮರದಡಿ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಎಡಗಾಲು ಬರಿಗಾಲು. ಸಾಹುಕಾರನಿಗೆ ಹೆಸರಿಲ್ಲ, ಆದರೆ ಈಕೆಗೆ ಹೆಸರುಂಟು: ನೀಲಗಂಗವ್ವ. ಶ್ರಾವಣದಲ್ಲಿ ಮನೆಮನೆಯಿಂದ ಮಠಕ್ಕೆ ಜೋಳದ ರೊಟ್ಟಿ ಬರುತ್ತದಲ್ಲ, ಅವಳ ಓಣಿಯ ರೊಟ್ಟಿ ಬುಟ್ಟಿ ಹೊತ್ತು ತರುತ್ತಿದ್ದವಳು. ರೊಟ್ಟಿಯೆಲ್ಲ ಕೆಸರಿನಲ್ಲಿ. ಕಾಗೆಗಳ ದಾಸೋಹ ಸಾಗಿತ್ತು.

'ಯವ್ವಾ, ಜೀವ ಐತೇನು?'

'ಇಲ್ಲೋ, ಸತ್ತು ರೊಟ್ಟಿ ಆರಸಾಕತ್ತೀನಿ.'

ಸಾಹುಕಾರ ಕಾರಿನಿಂದ ಇಳಿದು ಬಂದ. ಅಲ್ಲೇ ಕೆಸರಿನಲ್ಲಿ ಕುಳಿತ. ಕುಳಿತವನು ಸುಮ್ಮನಿರಬಾರದೇ? 'ನಾ ಫೋನ್ ಕೈಯಾಗ ಹಿಡಿದಿರಲಿಲ್ಲ ಯವ್ವಾ. ಎರಡೂ ಕೈ ಸ್ಟೇರಿಂಗ್ ಮ್ಯಾಲೇ ಇದ್ವು. ಕಾಯ್ದೆ ಪ್ರಕಾರ...'

'ನಿನ್ನ ಕೈ ನೋಡಿ ನಾ ರಸ್ತೆಕ್ಕ ಇಳಿದಿಲ್ಲ. ಮಾರಿ ನೋಡಿ ಇಳಿದೆ. ತಲಿ ಮ್ಯಾಲೆ ಬುಟ್ಟಿ ಇತ್ತು, ನಿಂತಿದ್ದೆ. ನೀ ನನ್ನ ನೋಡಿ ನಕ್ಕಿ, ಗೋಣು ಹಾಕಿದಿ. ಪುಣ್ಯಾತ್ಮ, ದಾಟಾಕ ಬಿಡ್ತಾನ ಅನ್ಕೊಂಡೆ. ಅರ್ಧ ಹೆಜ್ಜಿ ತಡಾ ಆಗಿದ್ರ ಚಪ್ಪಲಿ ಬದಲು ನಾನೇ ಸಿಕ್ಕೊಂಡಿರ್ತಿದ್ದೆ. ಹೇಳು, ಯಾರಿಗೆ ಗೋಣು ಹಾಕಿದಿ?'

ಸಾಹುಕಾರ ತಲೆ ತಗ್ಗಿಸಿ ಹೇಳಿದ: 'ಹುಗ್ಗಿಗೆ.'

ಚಪ್ಪಲಿ ಮುಂದಿಟ್ಟ. ಅವಳು ಮುಟ್ಟಲಿಲ್ಲ.

'ಮನ್ಯಾಗ ಇನ್ನೊಂದು ಜೋಡು ಅದಾವ. ಇದು ನಿನ್ನ ಗಾಡ್ಯಾಗ ಇರ್ಲಿ. ಕನ್ನಡಿ ಮುಂದ ದೇವರನ್ನ ಇಟ್ಟೀಯಲ್ಲ, ಅವನ ಬಾಜೂಕ ಇಡು.'

'ದೇವರ ಬಾಜೂಕ ಚಪ್ಪಲೇನ ಯವ್ವಾ?'

'ಅವನ ಮಾತಂತೂ ಕೇಳಿಲ್ಲ, ಇದರ ಮಾತಾದ್ರೂ ಕೇಳ್ತಿ. ಶ್ರಾವಣ ಮುಗಿಯೋತನಕ ಗಾಡ್ಯಾಗ ಫೋನ್ ಎತ್ತಬ್ಯಾಡ. ಎತ್ಲಿಲ್ಲಂದ್ರ ತಂದ್ಕೊಡು. ಎತ್ತಿದ್ರ ಇಟ್ಕೊ, ಬಲಗಾಲಿಂದೂ ಕಳಸ್ತೀನಿ.'

ನಗುತ್ತೀರಿ. ನಗಿರಿ. ಈಗ ನಿಮ್ಮ ಕಡೆ ಬರುತ್ತೇನೆ. ಮೂರನೇ ಕಂಬದ ಹತ್ತಿರ ಕುಳಿತು ಮಡಿಲಲ್ಲಿ ಫೋನು ನೋಡುತ್ತಿರುವವರೇ, ನಿಮ್ಮ ಕಡೆಗೂ.

ಕೈ ಬಿಡುವಾಯಿತು, ಸರಿ. ಮನಸ್ಸು? ಕಾಯ್ದೆ ನಿಮ್ಮ ಕೈಯನ್ನು ನೋಡಬಲ್ಲದು, ದಂಡ ಹಾಕಬಲ್ಲದು. ಮನಸ್ಸು ಹುಗ್ಗಿಯ ಪಾತ್ರೆಯಲ್ಲಿ ಬಿದ್ದಿದ್ದರೆ ಯಾವ ಪೊಲೀಸರು ಸೀಟಿ ಊದಬೇಕು? ಜಪಕ್ಕೆ ಕುಳಿತಾಗಲೂ ನಿಮ್ಮದು ಇದೇ ಕಥೆ: ಬೆರಳು ಮಣಿ ಎಣಿಸುತ್ತದೆ, ಮನಸ್ಸು ಸಂತೆಗೆ ಹೋಗಿರುತ್ತದೆ. ಜಪದಲ್ಲಿ ಹೀಗಾದರೆ ದೇವರು ನಕ್ಕು ಸುಮ್ಮನಾಗುತ್ತಾನೆ. ರಸ್ತೆಯಲ್ಲಿ ಹೀಗಾದರೆ ಯಾರದೋ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಇನ್ನೊಂದು ಮಾತು. ಅವತ್ತು ಹುಗ್ಗಿಯೋ ಹೋಳಿಗೆಯೋ ಎಂದು ಫೋನು ಮಾಡಿದವರು ಯಾರು? ನಾನೇ. ಅವನು ಗಾಡಿಯಲ್ಲಿದ್ದಾನೆಂದು ನನಗೆ ಗೊತ್ತಿತ್ತು. ತಪ್ಪಿನಲ್ಲಿ ಅರ್ಧ ಪಾಲು ಈ ಕಾವಿಯದು. ಹುಗ್ಗಿ ಅಷ್ಟು ಅವಸರದ್ದಾಗಿತ್ತೇ? ಅವನು ಬಂದ ಮೇಲೆ ಕೇಳಬಹುದಿತ್ತು.

ಆದ್ದರಿಂದ ನಾಳೆಯಿಂದ ಹೀಗೆ ಮಾಡಿ. ಕೀಲಿ ತಿರುಗಿಸುವ ಮೊದಲು ಫೋನಿನ ಬಾಯಿ ಮುಚ್ಚಿ, ಕೈಗೆಟುಕದ ಕಡೆ ಇಡಿ. ಮಾತಾಡಲೇಬೇಕಾದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಬೇಕಾದಷ್ಟು ಮಾತಾಡಿ. ಮನೆಯಲ್ಲಿರುವವರೇ, ನೀವು ಇನ್ನೊಬ್ಬರಿಗೆ ಫೋನು ಮಾಡಿದಾಗ ಮೊದಲು 'ಗಾಡಿ ಓಡಿಸ್ತಿದ್ದೀರೇನು?' ಎಂದು ಕೇಳಿ. ಹೌದೆಂದರೆ ಅಲ್ಲೇ ಇಟ್ಟುಬಿಡಿ. ಕೊತ್ತಂಬರಿ ಮರೆತರೆ ಮರೆಯಲಿ, ಕೊತ್ತಂಬರಿಯಿಲ್ಲದ ಸಾರು ತಿಂದು ಯಾರೂ ಸತ್ತಿಲ್ಲ.

ಆ ಶ್ರಾವಣದ ಕೊನೆಯ ದಿನ ನಾನು ಕಿಟಕಿಯ ಹತ್ತಿರ ಕುಳಿತಿದ್ದೆ. ಜನ ಉಂಡು ಹೋಗಿದ್ದರು. ನೀಲಗಂಗವ್ವ ಅಂಗಳದಲ್ಲಿ ಖಾಲಿ ಬುಟ್ಟಿ ಝಾಡಿಸುತ್ತಿದ್ದಳು. ಸಾಹುಕಾರ ಕಾರನ್ನು ಕಮಾನಿನ ಹೊರಗೇ ನಿಲ್ಲಿಸಿ ನಡೆದುಕೊಂಡು ಬಂದ. ಕೈಯಲ್ಲಿ ಹಳೆಯ ಪೇಪರಿನ ಸುತ್ತು. ಬಿಚ್ಚಿ, ಬಗ್ಗಿ, ಚಪ್ಪಲಿಯನ್ನು ಅವಳ ಎಡಗಾಲಿನ ಮುಂದೆ ಇಟ್ಟ. ಪಿನ್ನು ಇದ್ದ ಜಾಗದಲ್ಲಿ ಗಟ್ಟಿ ಹೊಲಿಗೆ ಬಿದ್ದಿತ್ತು. ಅವಳು ನೋಡಿದಳು, ಬುಟ್ಟಿ ಕೆಳಗಿಟ್ಟು ಕಾಲು ತೂರಿಸಿದಳು.