ಎರಡೂ ಎಡತೋಳು

ಅಲ್ಲ ಅಕ್ಕ, ಪೂರ್ತಿ ಕೇಳಿ ಆಮೇಲೆ ನಗು. ಈಗ್ಲೇ ಹೊಟ್ಟೆ ಹಿಡ್ಕೊಂಡ್ರೆ ಮುಂದಕ್ಕೇನು ಉಳಿಸ್ಕೋತೀಯ? ಹೂಂ, ಎರಡೂ ಎಡತೋಳೇ. ಹದಿನೆಂಟು ವರ್ಷದಿಂದ ಅದೇ ಟೈಲರ್ ಅಂಗಡೀಲಿ ಮಿಷನ್ ತುಳೀತಿರೋ ನಿನ್ನ ತಂಗಿ, ಕಟಿಂಗ್ ಮಾಸ್ಟರ್ ಆಗ್ತೀನಿ ಅಂತ ಊರೆಲ್ಲ ಹೇಳ್ಕೊಂಡು ಬಂದೋಳು, ಯಜಮಾನರು ಆ ಕೆಲಸಕ್ಕಿಟ್ಟ ಪರೀಕ್ಷೆ ದಿನ ಒಂದು ಕೋಟ್‌ಗೆ ಎರಡು ಎಡತೋಳು ಕತ್ತರಿಸಿಟ್ಲು.

ಯಜಮಾನರು ಮೇಜಿನ ಮೇಲೆ ಜೋಡಿಸಿದ್ರು. ತೋಳೆರಡೂ ಒಂದೇ ಕಡೆ ಬಾಗ್ಕೊಂಡು, ಬಸ್ಸು ಬಂತಾ ಅಂತ ಇಣುಕೋರ ಥರ ಇದ್ವು. "ಏನಮ್ಮಾ, ಈ ಗಿರಾಕಿಗೆ ಬಲಗೈನೇ ಇಲ್ವಾ?" ಅಂದ್ರು. ನಾನು ಬಿಡ್ತೀನಾ? "ನಾಳೆ ಇನ್ನೊಬ್ಬರಿಗೆ ಎರಡೂ ಬಲತೋಳು ಕತ್ತರಿಸ್ತೀನಿ ಸಾರ್, ಸರಿಹೋಗತ್ತೆ" ಅಂದೆ!

ಕೆಲಸ ಯಾರಿಗೆ ಸಿಕ್ತು ಅಂತೀಯ? ಗೊರಕೆಗೆ. ಅದೇ, ಕೂತಲ್ಲೇ ನಿದ್ದೆ ಹೊಡೀತಾನಲ್ಲ, ಅವನಿಗೆ. ಎಬ್ಬಿಸಿ ಹೇಳಬೇಕಾಯ್ತು ಮಹಾರಾಯನಿಗೆ.

ಸಮಾಧಾನ? ನಮ್ಮ ಅಂಗಡೀಲಾ? ಒಳ್ಳೇ ಕಥೆ. ಯಾರ ಕೆಲಸ ಕೆಟ್ರೂ ಎಲ್ಲರೂ ಮಿಷನ್ ನಿಲ್ಸಿ, ಕತ್ತರಿ ಹಿಡಿಯಿಂದ ಮೇಜು ಕುಟ್ಟಿ, "ಅಯ್ಯೋ ಪಾಪ... ಮುಂದಿನ ಗಿರಾಕಿ!" ಅಂತ ಕೂಗ್ತೀವಿ. ಅಷ್ಟೇ ನಮ್ಮಲ್ಲಿ ಕನಿಕರ. ಶುರು ಮಾಡಿದ್ದೂ ನಾನೇ. ಗುಂಡಿ-ಕಾಜಾ ಮಾಡೋನ ಮದುವೆ ಮುರಿದು ಬಿದ್ದಾಗ, ಅವನು ಕಣ್ಣೊರೆಸ್ಕೊಳ್ತಾ ಒಳಗೆ ಬಂದ್ರೆ, ಮೊದಲು ಮೇಜು ಕುಟ್ಟಿದ್ದು ನಾನು. ಹೂಂ, ಕಟುಕಿನೇ ನಾನು. ಇವತ್ತು ಅವನು ಬಡ್ಡಿ ಸಮೇತ ತೀರಿಸ್ದ, ಕುರ್ಚಿ ಹತ್ತಿ ಕುಟ್ಟಿದ! ನಾನೂ ಕುಟ್ಟಿದೆ. ಎಲ್ಲರಿಗಿಂತ ಜೋರಾಗಿ ನಾನೇ ಕುಟ್ಟಿದೆ ಅಕ್ಕ, ಕೈ ನೋಡು, ಇನ್ನೂ ಕೆಂಪಗಿದೆ.

ಹೇಗಾಯ್ತು ಅಂದ್ರೆ... ಆಯ್ತು. ಒಂದು ತೋಳಿಗೆ ಬಟ್ಟೇನ ಸರಿ ಮಗ್ಗುಲು ಮೇಲೆ ಹಾಕಿದೆ, ಇನ್ನೊಂದಕ್ಕೆ ಕಾಗದದ ಅಚ್ಚು ಮಗುಚಿ ಹಾಕಿದೆ, ಆದ್ರೆ ಬಟ್ಟೇದೂ ಹಿಂಬದಿ ಮೇಲೆ ಬಂದಿದೆ. ಹಾಳು ಬಟ್ಟೆ ಅದು, ಎರಡೂ ಮಗ್ಗುಲು ಒಂದೇ ಥರ. ಯಾರಿಗೆ ಗೊತ್ತಾಗತ್ತೆ ಹೇಳು? ಬೇಕಾದ್ರೆ ನೋಡು, ತೋಳೆರಡೂ ಚೀಲದಲ್ಲಿವೆ. ಬಿಸಾಕೋದ್ಯಾಕೆ, ನೆಲ ಒರೆಸೋಕಾಗತ್ತೆ ಅಂತ ತಂದೆ. ನೀನೂ ಅಮ್ಮನ ಹತ್ರಾನೇ ಹೊಲಿಗೆ ಕಲಿತೋಳಲ್ವಾ, ನೀನೇ ಹೇಳು.

ಏನು, ತಿರುಗಿಸಿ ತಿರುಗಿಸಿ ನೋಡ್ತೀಯ? ಬರೀ ನೀಲಿ ಬಟ್ಟೆ ಕಣೇ.

ಯಾಕೆ, ನಗು ನಿಂತೇಹೋಯ್ತು?

ಬೆರಳಲ್ಲಿ ಏನದು, ಮೇಲಿಂದ ಕೆಳಗೆ ಎಳೀತಿದೀಯ? ಮತ್ತೆ ಪಕ್ಕದಲ್ಲಿ ಇನ್ನೊಂದು... ಗೀಟಾ?

ಗೀಟು ಇದೆಯಾ ಇದರಲ್ಲಿ?

ಈ ಮಗ್ಗುಲಿಗೆ ಮಾತ್ರಾನಾ... ಉದ್ದಕ್ಕೂ?

ಹಾಗೆ ನೋಡ್ಬೇಡ ಅಕ್ಕ.

ಮೂರು ತಿಂಗಳಾಯ್ತು. ಮೊದಲು ಬಲಗಣ್ಣು ಮಾತ್ರ ಮಂಜು ಮಂಜಾಗಿತ್ತು, ಈಗ ಎರಡೂ. ಸೂಜಿಗೆ ದಾರ ಪಕ್ಕದ ಮಿಷನ್ನೋಳು ಪೋಣಿಸಿಕೊಡ್ತಾಳೆ, ನನಗೆ ಸೋಮಾರಿತನ ಅಂದ್ಕೊಂಡಿದಾಳೆ. ಡಾಕ್ಟರ ಹತ್ರ ಹೋಗಿಲ್ಲ. ಹೋದ್ರೆ ಹೇಳಿಬಿಡ್ತಾರಲ್ಲ, ಅದಕ್ಕೆ. ಹೂಂ, ಭಯಾನೇ. ಹೊಲಿಗೆ ಬಿಟ್ರೆ ನನಗೇನು ಬರತ್ತೆ?

ನೀನು ಕರ್ಕೊಂಡು ಹೋಗು, ಬರ್ತೀನಿ. ಅಂಗಡಿಯೋರಿಗೆ ಮಾತ್ರ ಹೇಳ್ಬೇಡ. ತಪ್ಪು ಮಾಡಿದೆ ಅಂತ ಎಷ್ಟು ಬೇಕಾದ್ರೂ ಆಡ್ಕೊಳ್ಳಲಿ. ಇದು ಗೊತ್ತಾದ್ರೆ ಒಬ್ಬರೂ ನಗಲ್ಲ ಅಕ್ಕ, ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡೋಕೆ ಶುರು ಮಾಡ್ತಾರೆ. ಅದನ್ನ ತಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ.